ಹೊತ್ತು ಸಾಗಿಸಿದ ಮನೆಗಳೂ ಎದುರು ದಡದ ಕಲ್ಲುಗೋಡೆಯೂ

ನದಿದಡ ಕುಸಿದಾಗ ತುರ್ತು ನೆರವು ಹಂಚುವ ಮಾನ್ಯ ಜಿಲ್ಲಾ ಎಂಜಿನಿಯರರೇ,

ನಮ್ಮ ಸಿಂತಾಲನ್ ಊರಿನ ಶಾಲೆ ಕಾಗಯಾನ್ ನದಿಗೆ ಬೀಳಲು ಇನ್ನು ಒಂಬತ್ತು ಹೆಜ್ಜೆ ಉಳಿದಿದೆ. ಎದುರು ದಡದ ಅಬುಕಾಯ್‌ಗೆ ನೀವು ಕಲ್ಲುಗೋಡೆ ಕಟ್ಟಿಸಿಕೊಟ್ಟಿರಿ, ನಮಗೆ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂಬ ಕಥೆಯನ್ನು ನಮಗೆ ಮೊದಲು ಹೇಳಿದವಳು ದೋಣಿ ನಡೆಸುವ ಸಿಲ್ವೆರಿಯಾ. ಹೇಳಿದ್ದು ಕಳೆದ ಮೇ ತಿಂಗಳ ಎರಡನೆಯ ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ, ಅದೇ ಶಾಲೆಯ ಅಂಗಳದಲ್ಲಿ. ಅದನ್ನು ನಿಮಗೂ ಹೇಳಬೇಕಾಗಿದೆ. ಕಥೆಯಲ್ಲಿ ನಿಮ್ಮ ಕಚೇರಿಯೂ ಇದೆ, ಆದರೆ ನಿಮಗೆ ಯಾರೂ ಹೇಳಿದಂತಿಲ್ಲ.

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಪತ್ರದಲ್ಲಿ ನ್ಯಾಯದ ಮಾತು ಕಾಲುಭಾಗ ಇದ್ದರೆ ಮುಕ್ಕಾಲು ಭಾಗ ಹೊಟ್ಟೆಕಿಚ್ಚು. ಗೋಡೆ ಕಟ್ಟಿ ನೀವು ಹೊರಟುಹೋದಿರಿ, ದಿನಾ ನೋಡಬೇಕಾದವರು ನಾವು. ಬೆಳಿಗ್ಗೆ ಅಬುಕಾಯ್‌ನ ಹೆಂಗಸರು ಅದರ ಮೆಟ್ಟಿಲ ಮೇಲೆ ಕಾಲಿಗೆ ಕೆಸರು ತಾಗದಂತೆ ಕೂತು ಬಟ್ಟೆ ಒಗೆಯುತ್ತಾರೆ. ಬಿಸಿಲೇರಿದ ಮೇಲೆ ಮುಸುಕಿನ ಜೋಳ ಹರವುತ್ತಾರೆ. ಸಂಜೆ ಗಂಡಸರು ಸಾಲಾಗಿ ಕೂತು ಕಾಲು ಅಲ್ಲಾಡಿಸುತ್ತಾ ಮೈಕು ಹಿಡಿದು ಹಾಡುತ್ತಾರೆ. ತಪ್ಪಿದ ರಾಗವೂ ನೀರಿನ ಮೇಲೆ ಹಾಯಾಗಿ ತೇಲಿಬಂದು ನಮ್ಮ ಕಿವಿಗೆ ಬೀಳುತ್ತದೆ. ನನ್ನ ಹೆಂಡತಿ ಪಾಸಿಟಾ ನದಿ ಕಡೆಯ ಕಿಟಕಿ ತೆರೆಯುವುದನ್ನೇ ಬಿಟ್ಟಿದ್ದಾಳೆ. ಬೆವರಿ ಸತ್ತರೂ ಸರಿ, ಆ ಗೋಡೆ ನೋಡಲಾರೆ ಎನ್ನುತ್ತಾಳೆ. ಮಧ್ಯಾಹ್ನ ಅವಳು ಮಲಗಿದಾಗ ನಾನು ಮೆಲ್ಲಗೆ ತೆರೆದು ನೋಡುತ್ತೇನೆ. ಒಳ್ಳೆಯ ಗೋಡೆ, ಸ್ವಾಮಿ. ಒಂದು ಕಲ್ಲೂ ಅಲುಗಿಲ್ಲ. ಅಲುಗಲಿ ಎಂದು ನಾನು ಎಷ್ಟು ಸಲ ಬಯಸಿದ್ದೇನೆಂದು ಪಾದ್ರಿಗಳ ಹತ್ತಿರ ಮಾತ್ರ ಹೇಳಿದ್ದೇನೆ.

ಎರಡು ವರ್ಷದ ಹಿಂದೆ ಅಕ್ಟೋಬರ್‌ನಲ್ಲಿ ಚಂಡಮಾರುತ ಹೋದ ಮಾರನೆ ದಿನ ಎರಡೂ ದಡಗಳು ಕುಸಿಯತೊಡಗಿದವು. ನಮ್ಮಲ್ಲಿ ದಡ ಕುಸಿದರೆ ಯಾರೂ ಅರ್ಜಿ ಬರೆಯುವುದಿಲ್ಲ, ಬಿದಿರು ಕಡಿಯಲು ಹೋಗುತ್ತಾರೆ. ಕಂಬಗಳ ಮೇಲೆ ನಿಂತ ಮನೆಯ ನೆಲದಡಿಗೆ ಬಿದಿರನ್ನು ಅಡ್ಡಡ್ಡ ಕಟ್ಟಿ, ಆ ಕಂಬಗಳನ್ನು ಮಣ್ಣಿನಿಂದ ಬಿಡಿಸಿ, ಮೂವತ್ತು ಜನ ಹೆಗಲು ಕೊಟ್ಟರೆ ತಟ್ಟಿಗೋಡೆಯ ಮನೆ ಸೂರಿನ ಸಮೇತ ಏಳುತ್ತದೆ. ನಾನು ಹೊತ್ತವರ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಹೆಜ್ಜೆ ಕೂಗುತ್ತೇನೆ. ಮುಗಿದ ಮೇಲೆ ಮನೆಯವರು ಎಲ್ಲರಿಗೂ ಮೇಕೆ ಮಾಂಸ, ಶಾವಿಗೆ, ಕಬ್ಬಿನ ಹೆಂಡ ಕೊಡುತ್ತಾರೆ. ನಾಲ್ಕು ದಿನದಲ್ಲಿ ಹನ್ನೊಂದು ಮನೆಗಳನ್ನು ಹೀಗೆ ದಡದಿಂದ ದೂರ, ಜೋಳದ ಹೊಲದಾಚೆ ತಂದಿಟ್ಟೆವು. ಊರಿಗೆಲ್ಲ ಹಿರಿಯಳಾದ ಮಾರ್ಸೆಲಿನಜ್ಜಿ ಮನೆಯಿಂದ ಇಳಿಯಲೇ ಇಲ್ಲ, ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಒಳಗೇ ಕೂತಳು. ಕೋಳಿಯನ್ನಾದರೂ ಇಳಿಸಜ್ಜಿ, ಅದು ನಿನಗಿಂತ ಭಾರ ಎಂದು ಕೆಳಗಿನವರು ಗೊಣಗಿದರು. "ಹೊರ್ರೋ ಹೊರ್ರಿ. ನಾಳೆ ನನ್ನ ಹೆಣದ ಪೆಟ್ಟಿಗೆ ಹೊರೋಕೆ ಅಭ್ಯಾಸ ಆಗ್ಲಿ" ಎಂದಳು.

ಅಬುಕಾಯ್‌ನವರಿಗೂ ಮನೆ ಹೊರುವುದು ಗೊತ್ತು. ಆದರೆ ಆ ವರ್ಷ ಊರಿನ ಆಡಳಿತ ನೋಡುವ ಕ್ಯಾಪ್ಟನ್‌ನ ಚುನಾವಣೆಯಲ್ಲಿ ಅವರು ಎರಡು ಪಾಲಾಗಿದ್ದರು. ಈ ಕಡೆಯವನ ಮನೆಗೆ ಆ ಕಡೆಯವನು ಹೆಗಲು ಕೊಡುವ ಹಾಗಿರಲಿಲ್ಲ. ಮನೆಗಳೆಲ್ಲ ದಡದ ಅಂಚಿನಲ್ಲೇ ನಿಂತವು.

ನವೆಂಬರ್‌ನಲ್ಲಿ ನಿಮ್ಮ ಪರಿವೀಕ್ಷಕರು ಬಂದರು. ಅವರಿಗೆ ಊಟ ಹಾಕಿ, ಖಾಲಿಯಾದ ದಡವನ್ನು ಹೆಮ್ಮೆಯಿಂದ ತೋರಿಸಿದೆವು. ನಿಮ್ಮಂಥ ಊರು ಜಿಲ್ಲೆಯಲ್ಲೇ ಇಲ್ಲ ಎಂದು ಅವರು ಬೆನ್ನು ತಟ್ಟಿದರು. ಆ ಸಂತೋಷ ನಮಗೆ ಫೆಬ್ರವರಿಯವರೆಗೆ ಸಾಕಾಯಿತು. ಫೆಬ್ರವರಿಯಲ್ಲಿ ಕಲ್ಲಿನ ಲಾರಿಗಳು ಬಂದವು, ಎದುರು ದಡಕ್ಕೆ. ಅಬುಕಾಯ್‌ನವರು ನಮಗಿಂತ ಕೊಬ್ಬಿದ ಮೇಕೆ ಕಡಿದು ಬಡಿಸಿರಬೇಕೆಂದು ನಾವು ತೀರ್ಮಾನಿಸಿದೆವು. ಅವರ ಮದುವೆಗಳಿಗೆ ಹೋಗುವುದನ್ನು ಬಿಟ್ಟೆವು. ಹೋಗಿಬಂದ ನನ್ನ ಸ್ವಂತ ತಮ್ಮನ ಜೊತೆ ನಾನು ಆರು ವಾರ ಮಾತಾಡಲಿಲ್ಲ.

ಆಮೇಲಿನ ಮಳೆಗಾಲದಲ್ಲಿ ನದಿ ಆ ಗೋಡೆಗೆ ಬಡಿದು ನಮ್ಮ ಕಡೆ ತಿರುಗಿತು. ಶಾಲೆಗೂ ನೀರಿಗೂ ನಡುವೆ ನಲವತ್ತು ಹೆಜ್ಜೆ ನೆಲವಿತ್ತು. ಮಳೆ ನಿಂತಾಗ ಉಳಿದದ್ದು ಒಂಬತ್ತು. ಶಾಲೆ ಕಾಂಕ್ರೀಟಿನದು, ಸರಕಾರವೇ ಕಟ್ಟಿಸಿದ್ದು. ಅದರ ಕೆಳಗೆ ಎಷ್ಟು ಬಿದಿರು ತೂರಿಸಿದರೂ ಏಳುವುದಿಲ್ಲ. ಅದು ಹೋದರೆ ಅರವತ್ತೆರಡು ಮಕ್ಕಳು ದೋಣಿ ಹತ್ತಿ ಅಬುಕಾಯ್ ಶಾಲೆಗೆ ಹೋಗಬೇಕು, ನೀರು ಏರಿದ ತಿಂಗಳುಗಳಲ್ಲಿ ಅದೂ ಇಲ್ಲ. ಅವರಿಗೆ ಗೋಡೆ ಸಿಕ್ಕಿತು, ಮೆಟ್ಟಿಲು ಸಿಕ್ಕಿತು, ಇನ್ನು ನಮ್ಮ ಮಕ್ಕಳು ಅವರ ಬೆಂಚಿನ ತುದಿಯಲ್ಲಿ ಕೂತು ಅಕ್ಷರ ಕಲಿಯಬೇಕೇ? ಜನವರಿಯಲ್ಲಿ ನಮ್ಮ ಶಿಕ್ಷಕಿ ಕೊರಾಲಿಯಾ ನಿಮಗೆ ಬರೆದರು. ಮೇ ತಿಂಗಳಲ್ಲಿ ಉತ್ತರ ಬಂತು. ದಡದಿಂದ ಇಪ್ಪತ್ತು ಮೀಟರಿನೊಳಗೆ ವಾಸವಿರುವ ಕುಟುಂಬಗಳು: ಸೊನ್ನೆ. ಶಾಲೆಯಲ್ಲಿ ವಾಸವಿರುವ ಕುಟುಂಬಗಳು: ಸೊನ್ನೆ. ಆದ್ದರಿಂದ ಇದನ್ನು ತುರ್ತು ಎಂದು ಪರಿಗಣಿಸಲಾಗದು.

ಮಾನ್ಯರೇ, ನಿಮ್ಮ ನಮೂನೆಯಲ್ಲಿ ತಪ್ಪಿಲ್ಲ. ಜೀವಕ್ಕೆ ಅಪಾಯವಿದ್ದವರನ್ನು ಮೊದಲು ಎಣಿಸಬೇಕು, ಎಣಿಸಿದ್ದೀರಿ. ಆದರೆ ಅಪಾಯದಿಂದ ತಾವಾಗಿಯೇ ಎದ್ದು ಹೋದವರಿಗೆ ಅದರಲ್ಲಿ ಒಂದು ಸಾಲೂ ಇಲ್ಲವೇ? ನೆರೆಯವನಿಗೆ ಹೆಗಲು ಕೊಡದವರಿಗೆ ಕಲ್ಲುಗೋಡೆ, ಕೊಟ್ಟವರಿಗೆ ಬೆನ್ನು ತಟ್ಟುವುದು: ಇದು ಯಾವ ಕಾನೂನಿನ ಎಷ್ಟನೆಯ ಕಲಮು?

ಆ ಉತ್ತರವನ್ನು ಕೊರಾಲಿಯಾ ಶಾಲೆಯ ಅಂಗಳದಲ್ಲಿ ಓದಿ ಹೇಳಿದಾಗಲೇ ಸಿಲ್ವೆರಿಯಾ ಎದ್ದು ನಿಂತದ್ದು. ಆ ನವೆಂಬರ್‌ನಲ್ಲಿ ಪರಿವೀಕ್ಷಕರನ್ನು ದಡದಿಂದ ದಡಕ್ಕೆ ದಾಟಿಸಿದವಳು ಅವಳೇ. ಅಲ್ಲಿಯವರೆಗೆ ಅದು ಹೇಳಬೇಕಾದ ಸಂಗತಿ ಎಂದು ಅವಳಿಗೆ ಹೊಳೆದಿರಲಿಲ್ಲ.

"ಅವ್ರು ನನ್ನ ದೋಣೀಲೇ ಕೂತು ಗುಮಾಸ್ತನ ಕೈಲಿ ಬರ್ಸಿದ್ರು," ಎಂದಳು. "ನಮ್ಮ ದಡ ನೋಡಿ, ಇಲ್ಲಿ ಮುಳುಗೋಕೆ ಯಾರೂ ಇಲ್ವಲ್ಲ, ಸೊನ್ನೆ ಹಾಕು ಅಂದ್ರು. ಆ ಕಡೆ ಹೋಗಿ ಬಾಗಿಲು ಎಣಿಸಿದ್ರು. ಮೂವತ್ತೊಂದು."

ಮೇಕೆಯ ವಿಷಯ ಏನು ಎಂದು ನಾನೇ ಕೇಳಿದೆ.

"ಎಂಥ ಮೇಕೆ, ಅಣ್ಣಾ? ಒಂದು ಲೋಟ ನೀರೂ ಕೊಡ್ಲಿಲ್ಲ. ಯಾರ ಮನೆಯಿಂದ ತರ್ಬೇಕು ಅಂತ ಅವ್ರಲ್ಲೇ ಜಗಳ ನಡೀತಿತ್ತು."

ಒಂದೂಕಾಲು ವರ್ಷ ಕಾಪಿಟ್ಟುಕೊಂಡು ಬಂದ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ನಾವು ಕೂತೆವು. ಹೊಟ್ಟೆಕಿಚ್ಚು ಮಾತ್ರ ಇಷ್ಟು ತಿಳಿದ ಮೇಲೂ ಆರಲಿಲ್ಲ, ಇನ್ನಷ್ಟು ಉರಿಯಿತು. ಕೊಬ್ಬಿದ ಮೇಕೆಗೆ ಸೋತಿದ್ದರೆ ಸಹಿಸಬಹುದಿತ್ತು. ನಾವು ಸೋತದ್ದು ಅವರ ಜಗಳಕ್ಕೆ. ಆಗ ಮಾರ್ಸೆಲಿನಜ್ಜಿ ಬೆಂಚಿನಿಂದ ಏಳದೆಯೇ ಹೇಳಿದಳು: "ಎತ್ಕೊಂಡು ಬಂದೋರು ನೀವೇ ತಾನೇ? ಹಾಗಾದ್ರೆ ವಾಪಸ್ ಇಡ್ರೋ. ನನ್ನನ್ನ ಲೆಕ್ಕಕ್ಕೆ ಬರೋ ಜಾಗದಲ್ಲಿ ಇಡಿ."

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಜುಲೈನ ಮೊದಲ ಪ್ರವಾಹಕ್ಕೆ ಮುಂಚೆ ನಿಮ್ಮ ಪರಿವೀಕ್ಷಕರನ್ನು ಕಳಿಸಿ, ದಡವನ್ನು ಹೊಸದಾಗಿ ಅಳೆಸಿ, ಶಾಲೆಗೆ ಅಡ್ಡಲಾಗಿ ಕಲ್ಲು ಹಾಕಿಸಿ. ಅಬುಕಾಯ್‌ನದಕ್ಕಿಂತ ಒಂದು ಗೇಣು ಎತ್ತರವಾದರೆ ಬೇಡ ಎನ್ನುವುದಿಲ್ಲ. ಸೊನ್ನೆ ಬರೆಯುವ ಕಷ್ಟ ಈ ಸಲ ನಿಮ್ಮ ಪರಿವೀಕ್ಷಕರಿಗೆ ಇರುವುದಿಲ್ಲ. ಹೆದರಿಸಲು ಹೇಳುತ್ತಿಲ್ಲ, ಅಂಚಿನಲ್ಲಿ ಮಲಗುವುದು ನಮಗೂ ಹೆದರಿಕೆಯೇ. ಪ್ರತಿ ಮನೆಯಲ್ಲೂ ಸರದಿಯಂತೆ ಒಬ್ಬರು ಎಚ್ಚರವಿರುತ್ತೇವೆ, ನೆಲ ಬಿರುಕುಬಿಟ್ಟರೆ ಕೂಗಲು.

ಯಾಕೆಂದರೆ ಆ ಭಾನುವಾರದ ಮಾರನೆಯ ದಿನ, ಸೋಮವಾರ ಬೆಳಿಗ್ಗೆ, ಆ ಅಂಗಳದಲ್ಲಿ ಕಥೆ ಕೇಳಿದವರೆಲ್ಲ ಬಿದಿರು ಕಡಿದೆವು. ಮೊದಲು ಅಜ್ಜಿಯ ಮನೆ, ಅಜ್ಜಿ ಒಳಗೇ. ನಾನು ಹಿಮ್ಮುಖವಾಗಿ ನಡೆಯುತ್ತಾ ಹೆಜ್ಜೆ ಕೂಗಿದೆ. ಈ ಸಲ ನನ್ನ ಬೆನ್ನ ಹಿಂದೆ ನದಿಯಿತ್ತು, ಎಲ್ಲಿ ನಿಲ್ಲಬೇಕೆಂದು ಹೊತ್ತವರೇ ನನಗೆ ಹೇಳಬೇಕಾಯಿತು. ಯಾರೂ ಮೇಕೆ ಕಡಿಯಲಿಲ್ಲ. ಬೇಯಿಸಿದ ಜೋಳದ ತೆನೆಯನ್ನು ನಿಂತೇ ತಿಂದೆವು. ಅಬುಕಾಯ್‌ನ ಎರಡೂ ಪಾಲಿನವರು ತಮ್ಮ ಗೋಡೆಯ ಮೇಲೆ ಒಟ್ಟಿಗೆ ನಿಂತು ನಮ್ಮನ್ನೇ ನೋಡುತ್ತಿದ್ದರು. ಹಿಂದೆ ನಾಲ್ಕು ದಿನ ಹಿಡಿದ ಕೆಲಸ ಅಂದು ಕತ್ತಲಾಗುವುದರೊಳಗೆ ಮುಗಿಯಿತು. ಆಮೇಲೆ ಕೊರಾಲಿಯಾ ಶಾಲೆಯಿಂದ ಸುಣ್ಣದ ಡಬ್ಬಿ ತಂದು, ದೋಣಿಯಲ್ಲಿ ಕೂತವರಿಗೂ ಕಾಣುವಷ್ಟು ದೊಡ್ಡದಾಗಿ ಹನ್ನೊಂದು ಬಾಗಿಲುಗಳ ಮೇಲೂ ಅಂಕಿ ಬರೆದರು.

ಇಂತಿ,
ಎವಾರಿಸ್ತೊ ಬಂಗಾಯಾನ್
ಬಾಗಿಲು ಸಂಖ್ಯೆ ಏಳು, ಸಿಂತಾಲನ್