ನಿನ್ನ ಲೆಕ್ಕದ ಕೊನೆಯ ರಾತ್ರಿ

ಹೋಟೆಲಿನ ಹನ್ನೆರಡನೇ ಮಹಡಿ,
ಡಿಸೆಂಬರ್ ೩೦, ಬೆಳಿಗ್ಗೆ

ಪ್ರೀತಿಯ ಪಾಪು,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ಲಿಫ್ಟಿನ ತಳದ ಹಳ್ಳಗಳಿಗೆ ಇಳಿದು ಬಗ್ಗಿ ಬಗ್ಗಿ ತಪಾಸಣೆ ಮಾಡುವುದನ್ನು ಬಿಟ್ಟು ಮೇಜಿನ ಕೆಲಸ ಕೇಳು ಎಂದು ಅಮ್ಮ ನಿನಗೆ ಹೇಳಿ ಹೇಳಿ ಸಾಕಾಗಿದ್ದಾಳೆ. ಔಷಧಿ ತಪ್ಪಿಸಬೇಡ. ಅಮ್ಮ ಆರೋಗ್ಯವಾಗಿದ್ದಾಳೆ, ಮಂಡಿ ಮಾತ್ರ ಹಟ ಮಾಡುತ್ತಿದೆ. ವಿಮಾನದಲ್ಲಿ ಕಿಟಕಿ ಪಕ್ಕ ಕೂತು, ಮೋಡ ಕಂಡಾಗಲೆಲ್ಲ "ನಮ್ ಪಾಪು ಯಾವಾಗ್ಲೂ ಇದರ ಮೇಲೇ ಓಡಾಡ್ತಾನಲ್ವೇನೇ" ಎಂದು ಹಿಂದಿನ ಸಾಲಿನವರಿಗೂ ಕೇಳುವಂತೆ ಹೇಳಿದಳು. ನಲವತ್ತು ದಾಟಿ ತಲೆ ಬೆಳ್ಳಗಾಗುತ್ತಿದ್ದರೂ ನೀನು ಅವಳಿಗೆ ಪಾಪುವೇ. ಮೊನ್ನೆಯವರೆಗೆ ನನಗೂ ಹಾಗೇ ಇದ್ದೆ. ಕ್ಷೇಮ ವಿಚಾರಿಸದೆ ಸುದ್ದಿ ಬರೆಯಬಾರದು ಎಂದು ಅಪ್ಪ ಕಲಿಸಿದ್ದರು, ಅದಕ್ಕೇ ಇಷ್ಟು ವಿಚಾರಿಸಿದೆ. ಇನ್ನು ಸುದ್ದಿಗೆ ಬರುತ್ತೇನೆ. ಸುದ್ದಿ ಚೆನ್ನಾಗಿಲ್ಲ.

ಹೋಟೆಲಿನ ಹೆಸರು ಅಚ್ಚಾಗಿರುವ ಈ ದಪ್ಪ ಕಾಗದವನ್ನು ನಾನು ಬಂದ ದಿನವೇ ಮೇಜಿನ ಖಾನೆಯಿಂದ ತೆಗೆದಿಟ್ಟಿದ್ದೆ, ನಿನ್ನನ್ನು ಹೊಗಳಿ ಬರೆಯೋಣ ಅಂತ. ಹೊಗಳುವುದಕ್ಕೆ ಏನು ಕಡಿಮೆಯಿತ್ತು ಹೇಳು? ಬಾಗಿಲಲ್ಲಿ ಕಾಲಿಡುತ್ತಿದ್ದಂತೆ ಸೂಟಿನವನೊಬ್ಬ ಓಡಿಬಂದು, ನಿನ್ನ ಹೆಸರು ಹೇಳಿ, ಅವರ ಮನೆಯವರಾ ಎಂದು ಕೇಳಿ, ಅಮ್ಮನ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಸಾಲಿನಲ್ಲಿ ನಿಂತಿದ್ದವರನ್ನೆಲ್ಲ ಬಿಟ್ಟು ನಮಗೆ ಮೊದಲು ಕೀಲಿ. ಕೋಣೆಯಲ್ಲಿ ಹಣ್ಣಿನ ಬುಟ್ಟಿ, ಅದರ ಮೇಲೆ ನಿನ್ನ ಹೆಸರಿನ ಚೀಟಿ. ಮಂಚದ ಮೇಲೆ ಒಟ್ಟಿದ್ದ ದಿಂಬುಗಳನ್ನು ನೋಡಿ ಅಮ್ಮ "ಇಷ್ಟೊಂದು ದಿಂಬು ಯಾರ ತಲೆಗೇ? ನಮ್ಮನ್ನ ರಾವಣನ ಮನೆಯೋರು ಅನ್ಕೊಂಡ್ರಾ?" ಎಂದಳು. ಹಾಸಿಗೆ ಸುಕ್ಕಾದೀತೆಂದು ಮೊದಲ ದಿನವೆಲ್ಲ ಅಂಚಿನಲ್ಲೇ ಕೂತಿದ್ದಳು. ನಾನು ನನ್ನ ಹಾಳು ಅಭ್ಯಾಸದಂತೆ ಪರದೆಯ ಅಂಚು, ಹೊದಿಕೆಯ ಹೊಲಿಗೆ ಎಲ್ಲ ತಿರುವಿ ನೋಡಿದೆ. ಒಂದು ದಾರ ಹೊರಗೆ ಬಂದಿರಲಿಲ್ಲ. ಇಂಥ ಕಡೆ ನಮ್ಮ ಪಾಪುವಿಗೆ ಇಷ್ಟು ಮರ್ಯಾದೆಯಲ್ಲಾ ಎಂದು ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ.

ನೀನು ಫೋನಿನಲ್ಲಿ ಹೇಳಿದ್ದೂ ಎಷ್ಟು ಚೆಂದವಾಗಿತ್ತು. "ಅಕ್ಕಾ, ಅಪ್ಪ ಹೋಗಿ ವರ್ಷ ಆಗ್ತಾ ಬಂತು. ಆ ವಾರ ಅಮ್ಮ ಮನೇಲಿ ಕೂತು ಅಳೋದು ಬೇಡ. ಆಸ್ಪತ್ರೇಲಿ ಅಪ್ಪನ್ನ ನೋಡ್ಕೊಂಡು ನೀನೂ ಸವೆದು ಹೋಗಿದ್ದೀಯ. ಹೋಟೆಲಿನೋರು ಕೊಡೋ ನನ್ನ ಪಾಯಿಂಟ್ಸ್ ಮೇಲೆ ರೂಮು ಮಾಡಿದ್ದೀನಿ, ನಾಲ್ಕು ರಾತ್ರಿ ಆರಾಮಾಗಿದ್ದು ಬನ್ನಿ. ನಂಗೆ ರಜೆ ಸಿಗಲ್ಲ, ನಮ್ಮ ಸಾಹೇಬ್ರು ಗೊತ್ತಲ್ಲ." ಅಂಗಡಿಗೆ ಬೀಗ ಹಾಕಿ, ಹೊಲಿಯಲು ಬಂದಿದ್ದ ಬಟ್ಟೆಗಳನ್ನೆಲ್ಲ ಎದುರು ಮನೆಯವಳ ಮಡಿಲಿಗೆ ಹಾಕಿ ಹೊರಟೆ. ನನ್ನ ತಮ್ಮ ಕಳಿಸಿದ್ದಾನೆ ಎಂದು ಬೀದಿಯಲ್ಲಿ ಯಾರಿಗೂ ಹೇಳದೆ ಬಿಡಲಿಲ್ಲ.

ಇಲ್ಲಿ ಬೆಳಗಿನ ತಿಂಡಿ ಬಡಿಸುವ ಹೆಂಗಸೊಬ್ಬಳಿದ್ದಾಳೆ. ದುಂಡಗಿನ ಮುಖ, ನನ್ನ ವಯಸ್ಸು. ಅಮ್ಮ ಅವಳಿಗೆ ತಿಂಡಿಯಮ್ಮ ಎಂದು ಹೆಸರಿಟ್ಟಿದ್ದಾಳೆ. ಅಮ್ಮ ಕನ್ನಡದಲ್ಲಿ ಕೇಳುತ್ತಾಳೆ, ಅವಳು ತನ್ನ ಭಾಷೆಯಲ್ಲಿ ಉತ್ತರಿಸುತ್ತಾಳೆ, ಇಬ್ಬರೂ ಕೈಸನ್ನೆ ಮಾಡಿಕೊಂಡು ಹೊಟ್ಟೆ ಹಿಡಿದು ನಗುತ್ತಾರೆ. ಮಕ್ಕಳೆಷ್ಟು, ಯಾರ ಮಂಡಿ ನೋಯುತ್ತದೆ, ಯಾರ ಗಂಡ ತೀರಿಕೊಂಡ, ಎಲ್ಲ ಎರಡೇ ದಿನದಲ್ಲಿ ವಿನಿಮಯವಾಗಿದೆ. ಮಧ್ಯೆ ಇಂಗ್ಲಿಷ್ ಬಲ್ಲ ನಾನೇ ಪೆದ್ದಿಯ ಹಾಗೆ ಕೂತಿರುತ್ತೇನೆ. ನಿನ್ನೆ ಅವಳ ಸಮವಸ್ತ್ರದ ಬೆನ್ನಿನ ಕೊಕ್ಕೆ ಕಿತ್ತುಬಂದಿತ್ತು. ನನ್ನ ಚೀಲದಲ್ಲಿ ಸೂಜಿ ದಾರ ಇಲ್ಲದ ದಿನವುಂಟೇ? ತಿಂಡಿ ಮುಗಿದು ಜನ ಹೋದ ಮೇಲೆ ಅವಳನ್ನು ಕಂಬದ ಮರೆಗೆ ಕರೆದು, ತೊಟ್ಟಂತೆಯೇ ನಿಲ್ಲಿಸಿ ಹೊಲಿಯುತ್ತಿದ್ದೆ. ಅಮ್ಮ ಆಚೆ ಕಿಟಕಿಯ ಹತ್ತಿರ ಚಹಾ ಕುಡಿಯುತ್ತಿದ್ದಳು. ಋಣ ತೀರಿಸುವ ಹಾಗೆ ತಿಂಡಿಯಮ್ಮ ಹರಕು ಇಂಗ್ಲಿಷಿನಲ್ಲಿ ನಿನ್ನ ಗುಣಗಾನ ಶುರು ಮಾಡಿದಳು.

ಎಂಥ ಒಳ್ಳೆಯ ಮನುಷ್ಯ ನಿಮ್ಮ ತಮ್ಮ ಎಂದಳು. ಕಳೆದ ವರ್ಷ ಇದೇ ವಾರ ಬಂದಿದ್ದರು, ಕೆಲಸವೇನೂ ಇರಲಿಲ್ಲ, ಹೋಟೆಲು ಬಿಟ್ಟು ಕದಲಲಿಲ್ಲ, ಮೇಲಿನ ಸದಸ್ಯರ ಕೋಣೆಯಲ್ಲಿ ಕೂತು ಕಾಫಿ ಕುಡಿಯುತ್ತ ನಮ್ಮನ್ನೆಲ್ಲ ನಗಿಸುತ್ತಿದ್ದರು ಎಂದಳು. ವರ್ಷಕ್ಕೆ ಇಷ್ಟು ರಾತ್ರಿ ಎಂದು ತಂಗಿದವರಿಗೆ ಕೊಡುವ ಚಿನ್ನದ ಸದಸ್ಯತ್ವ ಉಳಿಸಿಕೊಳ್ಳಲು ಅವರಿಗೆ ನಾಲ್ಕು ರಾತ್ರಿ ಕಡಿಮೆ ಬಿದ್ದಿತ್ತು, ಹೋಟೆಲಿನ ಲೆಕ್ಕದ ವರ್ಷ ಮೂವತ್ತರ ರಾತ್ರಿಗೆ ಮುಗಿಯುತ್ತದೆ, ಅದಕ್ಕೇ ಬಂದು ಮಲಗಿದರು ಎಂದಳು. ಮನೆಯಲ್ಲಿ ಯಾರೂ ಇಲ್ಲವೇ ಎಂದು ಇವಳು ಕೇಳಿದ್ದಕ್ಕೆ, ಎಲ್ಲರೂ ಇದ್ದಾರೆ, ಚೆನ್ನಾಗಿದ್ದಾರೆ, ಇದೊಂದು ಮುಗಿಸಿ ಹೋಗುತ್ತೇನೆ ಎಂದೆಯಂತೆ. ಕೊನೆಯ ರಾತ್ರಿ ಕೇಕು ಕತ್ತರಿಸಿ, ಫೋಟೊ ತೆಗೆಸಿಕೊಂಡೆಯಂತೆ. ಮುಂಜಾನೆ ಏನೋ ಸುದ್ದಿ ಬಂದು, ಪಾಪ, ಓಡೋಡಿ ವಿಮಾನ ಹತ್ತಿದರು ಎಂದಳು. ಸೂಜಿ ನನ್ನ ಬೆರಳಿಗೆ ಹೊಕ್ಕಿದ್ದು ನನಗೆ ಗೊತ್ತಾಗಲಿಲ್ಲ. ಅವಳ ಬಿಳಿ ಕಾಲರಿಗೆ ರಕ್ತ ಹತ್ತಿದ್ದನ್ನು ನೋಡಿ, ಅವಳೇ ನನ್ನ ಕೈ ಹಿಡಿದು ತಣ್ಣೀರಿನಲ್ಲಿ ತೊಳೆದಳು.

ಪಾಪು, ಆ ನಾಲ್ಕು ದಿನ ನಾನು ಎಲ್ಲಿದ್ದೆ ಎಂದು ನಿನಗೆ ಗೊತ್ತು. ಇಪ್ಪತ್ತೇಳರಂದು ವಾರ್ಡಿನ ಮೆಟ್ಟಿಲ ಮೇಲೆ ಕೂತು ನಿನಗೆ ಫೋನು ಮಾಡಿ, ಡಾಕ್ಟರು ಎಲ್ಲರನ್ನೂ ಕರೆಸಿ ಅಂದಿದ್ದಾರೆ, ಬಂದುಬಿಡೋ ಎಂದು ಅತ್ತೆ. "ಹೊಸ ವರ್ಷಕ್ಕೆ ಮುಂಚೆ ದೊಡ್ಡ ಕಟ್ಟಡದ ತಪಾಸಣೆ ಮುಗಿಸ್ಬೇಕು ಅಕ್ಕಾ, ಸಾಹೇಬ್ರು ರಾಕ್ಷಸ, ಗೇಟಿಂದಾಚೆ ಬಿಡ್ತಿಲ್ಲ" ಎಂದೆ. ನಾನು ನಂಬಿದೆ. ಮರುದಿನವೂ ಅದೇ ಮಾತು, ಅದರ ಮರುದಿನವೂ ಅದೇ. ಅಪ್ಪ ವಾರ್ಡಿನ ಬಾಗಿಲು ಕಿರ್ ಎಂದಾಗಲೆಲ್ಲ ಕಣ್ಣು ಬಿಟ್ಟು "ಪಾಪು ಬಂದ್ನಾ?" ಎನ್ನುತ್ತಿದ್ದರು. ಕಸ ಗುಡಿಸುವವನು ಬಂದರೂ ಪಾಪು, ನರ್ಸು ಬಂದರೂ ಪಾಪು. ಮೂವತ್ತರ ರಾತ್ರಿ ಹೋಗಿಬಿಟ್ಟರು. ನೀನು ಮರುದಿನ ಸಂಜೆ ಬಂದು, ಹೊಸ್ತಿಲಲ್ಲೇ ಕುಸಿದು, ಒಂದೇ ಒಂದು ರಾತ್ರಿ ತಡವಾಯಿತಲ್ಲ ಅಕ್ಕಾ ಎಂದು ಗೋಳಾಡಿದೆ. ನಿನ್ನ ಮೂಗು ಕಣ್ಣು ಒರೆಸಿದವಳು ನಾನು. ಅಮ್ಮ ತನ್ನ ದುಃಖ ಬಿಟ್ಟು ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಇನ್ನು ಆ ಸಾಹೇಬರ ಕಥೆ. ವರ್ಷವಿಡೀ ನಮ್ಮ ಮನೆಯಲ್ಲಿ ಅವರಿಗೆ ಶಾಪ ಹಾಕದ ದಿನವಿಲ್ಲ. ಅವನ ಕೈ ಸೇದಿಹೋಗ, ಅವನ ಲಿಫ್ಟಿನಲ್ಲಿ ಅವನೇ ಸಿಕ್ಕಿಹಾಕಿಕೊಳ್ಳಲಿ ಎಂದು ಅಮ್ಮ ಅಕ್ಕಿ ಆರಿಸುವಾಗಲೂ ಬೈಯುತ್ತಿದ್ದಳು, ನಾನೂ ದನಿಗೂಡಿಸುತ್ತಿದ್ದೆ. ಪಾಪದ ಮನುಷ್ಯ ಯಾರೋ, ಎಲ್ಲಿದ್ದಾರೋ! ನಮ್ಮ ಶಾಪಗಳನ್ನೆಲ್ಲ ವಾಪಸು ತೆಗೆದುಕೊಳ್ಳುವ ದಾರಿ ಇದ್ದರೆ ತಿಳಿಸು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ತಿಂಡಿಯಮ್ಮ ನನ್ನ ಬೆರಳಿಗೆ ಪಟ್ಟಿ ಸುತ್ತುತ್ತ ಇನ್ನೊಂದು ಮಾತು ಹೇಳಿದಳು. ಈ ವರ್ಷವೂ ನಿನಗೆ ನಾಲ್ಕು ರಾತ್ರಿ ಕಡಿಮೆ ಬಿದ್ದಿದೆಯಂತೆ. ನೀನೇ ಬರಬೇಕಾಗಿಲ್ಲ, ನಿನ್ನ ಹೆಸರಿನಲ್ಲಿ ಮನೆಯವರು ಯಾರು ಮಲಗಿದರೂ ನಿನ್ನ ಲೆಕ್ಕಕ್ಕೇ ಸೇರುತ್ತದಂತೆ. ಮೂವತ್ತರ ರಾತ್ರಿ ನೀವು ಮಲಗಿ ಎದ್ದರೆ ಸಾಕು, ನಿಮ್ಮ ತಮ್ಮ ಇನ್ನೊಂದು ವರ್ಷ ಚಿನ್ನ, ನಾವು ಆ ರಾತ್ರಿಗೆ ಕೇಕು ಹೇಳಿಟ್ಟಿದ್ದೇವೆ ಎಂದು ಕಣ್ಣು ಮಿಟುಕಿಸಿದಳು. ಅಂದರೆ ನನ್ನ ದಣಿವು, ಅಮ್ಮನ ಕಣ್ಣೀರು, ಅಪ್ಪನ ವರ್ಷ ಎಲ್ಲ ಬರೀ ನೆವ. ನಿನಗೆ ಬೇಕಾಗಿದ್ದದ್ದು ನಿನ್ನ ಬದಲು ಇಲ್ಲಿ ಬಿದ್ದುಕೊಳ್ಳಲು ಎರಡು ದೇಹ. ಕಣ್ಣಿಗೆ ಮಣ್ಣೆರಚುವವರನ್ನು ನೋಡಿದ್ದೇನೆ, ಅಪ್ಪನ ಹೆಸರು ಹೇಳಿಕೊಂಡು ಎರಚುವವನನ್ನು ಇದೇ ಮೊದಲು ನೋಡಿದ್ದು.

ಈ ಚಿನ್ನದಿಂದ ನಿನಗೆ ಸಿಗುವುದೇನು ಎಂದು ಸಂಜೆಯೆಲ್ಲ ಯೋಚಿಸಿದೆ. ಹಣ್ಣಿನ ಬುಟ್ಟಿ, ಸಾಲಿಲ್ಲದೆ ಕೀಲಿ, ಪುಕ್ಕಟೆ ಕಾಫಿ. ಮತ್ತೆ ಬಾಗಿಲಲ್ಲಿ ನಿಂತವರು ಹೆಸರು ಹಿಡಿದು ಕರೆಯುತ್ತಾರೆ. ಅಪ್ಪನೂ ನಾಲ್ಕು ದಿನ ನಿನ್ನನ್ನು ಕರೆಯುತ್ತಲೇ ಇದ್ದರಲ್ಲೋ.

ಅಮ್ಮನಿಗೆ ನಾನು ಹೇಳಿಲ್ಲ. ಹೇಳುವುದೂ ಇಲ್ಲ. ಮೇಲಿನ ಕೋಣೆಯ ಗೋಡೆಯಲ್ಲಿ ನಿನ್ನ ಆ ಕೇಕಿನ ಫೋಟೊ ತೂಗುಹಾಕಿದ್ದಾರೆ. ಕೆಳಗೆ ಇಂಗ್ಲಿಷಿನಲ್ಲಿ ಕಳೆದ ವರ್ಷದ ತಾರೀಖು, ನಾನು ನಿನ್ನೆ ಸಂಜೆಯಷ್ಟೇ ಹತ್ತಿರ ಹೋಗಿ ಓದಿದೆ. ನೀನು ಅಪ್ಪನ ಕೋಟು ಹಾಕಿಕೊಂಡಿದ್ದೀಯ. ಆಸ್ಪತ್ರೆ ಸೇರಿದ ದಿನ ಅಪ್ಪ "ಅವನಿರೋ ಕಡೆ ಚಳಿ ಜಾಸ್ತಿ, ನನ್ನ ಕರಿ ಕೋಟು ಅವನ ಅಳತೆಗೆ ಮಾಡಿ ಕಳ್ಸು" ಎಂದಿದ್ದಕ್ಕೆ, ನಾನು ಬಿಚ್ಚಿ ಹೊಲಿದು, ಕರಿ ಗುಂಡಿ ಸಾಲದೆ ಕೆಳಗೊಂದು ಕಂದು ಗುಂಡಿ ಹಚ್ಚಿ ಕಳಿಸಿದ ಕೋಟು. ಅಪ್ಪ ಹೋದ ಮರುದಿನ ನೀನು ಅದನ್ನೇ ಹಾಕಿಕೊಂಡು ಮನೆಗೆ ಬಂದೆ, ಅಪ್ಪನ ಖಾಲಿ ಮಂಚದ ಮೇಲೆ ಬಿಚ್ಚಿಟ್ಟು ಹೋದೆ, ಇವತ್ತಿಗೂ ನಮ್ಮ ಬೀರುವಿನಲ್ಲೇ ಇದೆ. ಅಮ್ಮನಿಗೆ ಇಂಗ್ಲಿಷ್ ಬಾರದು, ಸದ್ಯ. ದಿನಾ ಸಂಜೆ ಆ ಫೋಟೊದ ಮುಂದೆ ನಿಂತು, ಗಾಜಿನ ಮೇಲೆ ಬೆರಳಾಡಿಸಿ ಸುಮ್ಮನೆ ಬರುತ್ತಾಳೆ. ಅವಳಿಗೆ ಉಳಿದಿರುವುದು ನಿನ್ನ ಮೇಲಿನ ಹೆಮ್ಮೆಯೊಂದೇ, ಅದನ್ನು ನಾನು ಕಿತ್ತುಕೊಂಡರೆ ಅವಳು ಬದುಕುವುದು ಯಾವುದರ ಮೇಲೆ? ಅದಕ್ಕಾಗಿ ಇವತ್ತಿನ ರಾತ್ರಿಯನ್ನೂ ಇಲ್ಲೇ ಕಳೆಯುತ್ತೇನೆ, ನಿನ್ನ ಕೇಕನ್ನೂ ನಗುತ್ತಲೇ ತಿನ್ನುತ್ತೇನೆ. ನಿನ್ನ ರಾತ್ರಿ ನಿನಗೆ ಸಿಗುತ್ತದೆ, ಹೆದರಬೇಡ. ನಾಳೆಯಿಂದ ಅಮ್ಮನಿಗೆ ಫೋನು ಮಾಡು, ನನಗೆ ಮಾಡಬೇಡ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಕೆಳಗೆ ಸ್ವಾಗತದ ಮೇಜಿನಲ್ಲಿ ಕೊಟ್ಟು ಹೋಗುತ್ತೇನೆ. ನಿನ್ನ ಮನೆಯ ವಿಳಾಸಕ್ಕಿಂತ ಇಲ್ಲಿ ನಿನಗೆ ಬೇಗ ತಲುಪುತ್ತದೆ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು. ಚಳಿಗೆ ಬೆಚ್ಚಗಿರು. ನೀನು ನೂರು ಕಾಲ ಬಾಳಬೇಕೆಂದು ಅಮ್ಮ ಹರಸುತ್ತಾಳೆ. ನನ್ನ ಬಾಯಿಂದ ಇವತ್ತು ಅದು ಬರುತ್ತಿಲ್ಲ.

ಇಂತಿ,
ನಿನ್ನ ಅಕ್ಕ

ಮರೆತಿದ್ದು: ಮರೆತಿದ್ದಲ್ಲ, ಈಗಷ್ಟೇ ಆಗಿದ್ದು, ಅವಸರದಲ್ಲಿ ಗೀಚುತ್ತಿದ್ದೇನೆ. ಸಹಿ ಹಾಕಿ ತಲೆಯೆತ್ತಿದರೆ ಅಮ್ಮ ಸ್ನಾನ ಮಾಡಿ, ಸೀರೆಯುಟ್ಟು, ಪೆಟ್ಟಿಗೆ ತುಂಬಿಸಿಕೊಂಡು ಬಾಗಿಲ ಬಳಿ ನಿಂತಿದ್ದಳು. ಎಲ್ಲಿಗಮ್ಮಾ ಎಂದರೆ "ಮೊದಲನೇ ದಿನಾನೇ ಆ ಕೋಟು ನೋಡ್ದೆ ಕಣೇ. ಕಂದು ಗುಂಡಿ ಇರೋ ಕರಿ ಕೋಟು ಲೋಕದಲ್ಲಿ ಎಷ್ಟಿರತ್ತೆ? ಅಪ್ಪ ಆಸ್ಪತ್ರೇಲಿದ್ದಾಗ ಮಾತ್ರ ತಾನೇ ಅದು ಅವನ ಹತ್ರ ಇದ್ದಿದ್ದು? ನಿಂಗೆ ಗೊತ್ತಾದ್ರೆ ಅಕ್ಕ ತಮ್ಮ ದೂರ ಆಗ್ತೀರ ಅಂತ ಬಾಯಿ ಮುಚ್ಕೊಂಡಿದ್ದೆ. ನಿನ್ನೆಯಿಂದ ನಿನ್ನ ಮುಖ ನೋಡ್ತಿದ್ದೀನಿ, ಇನ್ನು ಮುಚ್ಚೋಕೇನಿದೆ" ಎಂದಳು. ಅವಳು ದಿನಾ ಗಾಜಿನ ಮೇಲೆ ಸವರುತ್ತಿದ್ದದ್ದು ಅಪ್ಪನ ಕೋಟನ್ನು, ಪಾಪು. ರಾತ್ರಿಗಳ ಲೆಕ್ಕವನ್ನೂ ತಿಂಡಿಯಮ್ಮ ನಿನ್ನ ಫೋಟೊ ತೋರಿಸಿ, ನಾಲ್ಕು ಬೆರಳೆತ್ತಿ, ಒಂದೊಂದೇ ಮಡಚಿ ಅವಳಿಗೆ ತಿಳಿಸಿದ್ದಾಳೆ. ಕೇಕನ್ನು ತಿಂಡಿಯಮ್ಮನ ಮಕ್ಕಳಿಗೆ ಕೊಡಲು ಹೇಳಿದ್ದಾಯಿತು. ವಿಮಾನ ನಾಳೆಗೆ. ಈ ರಾತ್ರಿ ನಿಲ್ದಾಣದ ಬೆಂಚಿನ ಮೇಲೆ ಕೂತಿರುತ್ತೇವೆ. ಈಗ ಸ್ವಾಗತದ ಮೇಜಿನ ಮುಂದೆ ನಿಂತು ಬರೆಯುತ್ತಿದ್ದೇನೆ. ಈಗಲೇ ಕೀಲಿ ಕೊಟ್ಟರೆ ಇವತ್ತಿನ ರಾತ್ರಿ ನಿನ್ನ ಲೆಕ್ಕಕ್ಕೆ ಸೇರುವುದಿಲ್ಲ, ಒಂದೇ ಒಂದು ರಾತ್ರಿ ಕಡಿಮೆಯಾಗುತ್ತದೆ ಎಂದು ಇಲ್ಲಿನ ಹುಡುಗಿ ಗಾಬರಿಯಾಗಿ ಮತ್ತೆ ಮತ್ತೆ ಹೇಳಿದಳು. ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ಗೊತ್ತು. ಅದಕ್ಕೇ ಹೋಗ್ತಿರೋದು" ಎಂದು ಕೀಲಿಯನ್ನು ಮೇಜಿನ ಮೇಲಿಟ್ಟಳು.