ಎರಡು ಇಂಚು ಕಡಿಮೆ

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಮರಿ,

ನಾವೆಲ್ಲ ಕ್ಷೇಮ. ನಿನ್ನ ಕಾದಂಬರಿ ಕೈಸೇರಿ ಎರಡು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಬೈದುಕೋ, ಶಾಲೆ ಸಮವಸ್ತ್ರದ ಹೊಲಿಗೆ ತಲೆ ಎತ್ತಲು ಬಿಡಲಿಲ್ಲ. ನಿನ್ನ ಭಾವ ಮೊದಲು ಓದಿ ಮುಗಿಸಿ, "ನಿನ್ ತಂಗಿ ತಲೇಲಿ ಇಷ್ಟೆಲ್ಲ ಇದೆಯಾ? ಇನ್ಮೇಲೆ ಅವಳ ಮುಂದೆ ಹುಷಾರಾಗಿ ಮಾತಾಡ್ಬೇಕು" ಅಂದರು.

ಇಷ್ಟವಾಯಿತೇ ಎಂದು ಕೇಳಿದ್ದೀಯ. ಅರ್ಧ ಆಯಿತು, ಅರ್ಧ ಆಗಲಿಲ್ಲ. ಗೋಡೆಗಳು ಕದ್ದು ಕೇಳುವುದನ್ನು ನಂಬಿದೆ. ಸರ್ಕಾರದ ಅಪ್ಪಣೆಯಿಲ್ಲದೆ ಯಾರೂ ಹೆರುವಂತಿಲ್ಲ ಎಂಬ ಕಾನೂನನ್ನೂ, ತಿಂಗಳಿಗೊಮ್ಮೆ ಹೆಂಗಸರ ಸೊಂಟದ ಅಳತೆ ತೆಗೆದು ಯಂತ್ರಕ್ಕೆ ಒಪ್ಪಿಸುವುದನ್ನೂ ನಂಬಿದೆ. ಸಾಲಿನಲ್ಲಿ ನಿಂತ ಹುಡುಗಿ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವ ಕಡೆ ಪುಸ್ತಕ ಮಡಚಿಟ್ಟು, ನೀರು ಕುಡಿದು ಬಂದೆ.

ನಂಬಲಾಗದ್ದು ಆ ಅಳತೆಯ ಹೆಂಗಸನ್ನು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ, ಟೇಪನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ಯಾರೆಂದು ಗೊತ್ತಾಗದಷ್ಟು ದಡ್ಡಿಯಲ್ಲ ನಾನು. ಹುಡುಗಿಯನ್ನು ಉಳಿಸಲು ಅವಳು ಎರಡು ಇಂಚು ಕಡಿಮೆ ಬರೆಯುತ್ತಾಳಲ್ಲ, ಅಲ್ಲಿ ಭಾವನ ಕಣ್ಣು ತುಂಬಿತಂತೆ. ನನಗೆ ಸಿಟ್ಟು ಬಂತು. ಅಷ್ಟು ಒಳ್ಳೆಯವರನ್ನು ಬರೆಯಬೇಡ ಮಾರಾಯ್ತಿ, ಓದುವವರಿಗೆ ಕಷ್ಟ.

ಆದರೂ ಯಾರೋ ಸುದ್ದಿ ಮುಟ್ಟಿಸಿ ಹುಡುಗಿ ಸಿಕ್ಕಿಬೀಳುತ್ತಾಳೆ. ಯಾರೆಂದು ಕೊನೆಯ ಪುಟದಲ್ಲೂ ನೀನು ಹೇಳುವುದಿಲ್ಲ. ಅಷ್ಟು ದೂರ ಓದಿಕೊಂಡು ಬಂದವರಿಗೆ ಅದಾದರೂ ತಿಳಿಯಬೇಡವೇ?

ಬೆನ್ನುನೋವು ಹೇಗಿದೆ? ಒಂದೇ ಸಮ ಕೂತು ಬರೆಯಬೇಡ, ಆಗಾಗ ಎದ್ದು ಓಡಾಡು. ಇನ್ನೂ ಹತ್ತು ಪುಸ್ತಕ ಬರೆಯುವಷ್ಟು ಆಯುಸ್ಸು, ಆರೋಗ್ಯ ನಿನಗಿರಲಿ.

ನಿನ್ನ
ಅಕ್ಕ

ವಿ.ಸೂ.: ನಿನಗೆ ಹತ್ತೊಂಬತ್ತಾಗಿದ್ದಾಗ ಹಸಿರು ಅಂಗಿಗೆ ಅಳತೆ ಕೊಡಲು ನನ್ನೆದುರು ನಿಂತಿದ್ದೆ. ಸೊಂಟ ಎರಡು ಇಂಚು ಹೆಚ್ಚಿತ್ತು. "ಅಕ್ಕ, ಸ್ವಲ್ಪ ಸಡಿಲ ಇರ್ಲಿ" ಅಂದೆ ನೀನು. ಅವತ್ತೇ ಸಂಜೆ ನಾನು ಅಮ್ಮನಿಗೆ ಹೇಳಿದೆ. ಮರುದಿನ ನಿನ್ನನ್ನು ಆಸ್ಪತ್ರೆಗೆ ಕರೆದೊಯ್ದು ಎಲ್ಲ ಮುಗಿಸಿಕೊಂಡು ಬಂದರು. ಅಮ್ಮನ ಕಿವಿಗೆ ಹಾಕಿದವಳು ಪಕ್ಕದ ಮನೆಯಾಕೆ ಎಂದುಕೊಂಡು ನೀನು ಇವತ್ತಿಗೂ ಅವಳೊಡನೆ ಮಾತು ಬಿಟ್ಟಿದ್ದೀಯ. ನಿನ್ನ ಪುಸ್ತಕದಲ್ಲಿ ಹೆದರಿಸಲು ಸರ್ಕಾರವಾದರೂ ಇದೆ. ನನ್ನನ್ನು ಯಾರೂ ಕೇಳಿಯೇ ಇರಲಿಲ್ಲ.

ನೀನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಆ ಅಂಗಿಯನ್ನು ಹಳೆಯ ಅಳತೆಗೇ ಹೊಲಿದಿಟ್ಟಿದ್ದೆ. ಹಾಕಿಕೊಂಡು ನೋಡಿ, "ಅಕ್ಕನ ಕೈ ಅಂದ್ರೆ ಕೈ" ಅಂದಿದ್ದೆ ನೀನು.