ಉಬ್ಬದ ಚುಕ್ಕೆ

ಮಾರ್ಚ್ ೧೧, ಮಂಗಳವಾರ

ಆ ತಾತನನ್ನು ಗದರಿದ್ದು ಮನಸ್ಸಿನಿಂದ ಹೋಗುತ್ತಿಲ್ಲ.

ಅಲರ್ಜಿ ಪರೀಕ್ಷೆಗೆಂದು ಅವರ ಮುಂಗೈಗೆ ಧೂಳು, ಪರಾಗ, ಬೆಕ್ಕು ಎಂದು ಸಾಲಾಗಿ ಚುಚ್ಚಿದೆ, ಯಾವುದೂ ಉಬ್ಬಲಿಲ್ಲ. ಎಲ್ಲರಿಗೂ ಉಬ್ಬಲೇಬೇಕಾದ ಹಿಸ್ಟಮಿನ್ ಚುಕ್ಕೆಯೂ ತೆಪ್ಪಗಿತ್ತು. ಅಂದರೆ ನುಂಗಿದ ಅಲರ್ಜಿ ಮಾತ್ರೆ ಉಬ್ಬದಂತೆ ಒಳಗಿನಿಂದ ಚಿಲಕ ಹಾಕಿದೆ.

"ವಾರದಿಂದ ಮಾತ್ರೆ ಮುಟ್ಟಿಲ್ಲ ಅಂದ್ರಲ್ಲ, ತಾತ!"

ಹೊರಗೆ ಕೂತಿದ್ದ ಮಗನ ಕಡೆ ನೋಡಿ ಪಿಸುಗುಟ್ಟಿದರು. "ಬೆಳಿಗ್ಗೆ ನುಂಗ್ಬಿಟ್ಟೆ ಕಣಮ್ಮ. ಈ ಉಬ್ಬಸ ಮನೆ ಬೆಕ್ಕಿಂದಾನೇ ಅಂತ ಗೊತ್ತಾದ್ರೆ ಇವನು ಅದನ್ನ ಓಡಿಸ್ತಾನೆ. ಅವಳ ತಾಯಿ ತೀರಿಕೊಂಡ ಮೇಲೆ ಮೊಮ್ಮಗಳು ಬಾಯಿ ಬಿಡೋದು ಅದರ ಹತ್ರ ಮಾತ್ರ."

'ಪರೀಕ್ಷೆ ಆಗಿಲ್ಲ, ಮುಂದಿನ ವಾರ ಬನ್ನಿ' ಎಂದಷ್ಟೇ ಚೀಟಿಯಲ್ಲಿ ಬರೆದೆ. ಉಬ್ಬಸದ ಮನುಷ್ಯ, ಎಷ್ಟು ದಿನ ಮುಚ್ಚಿಟ್ಟಾರು? ಬಾಗಿಲು ದಾಟುವಾಗ ಕೆಮ್ಮಿದರು. ಮಗ ಸರಕ್ಕನೆ ತಿರುಗಿದ.

"ಏನಿಲ್ಲ, ಸ್ಪಿರಿಟ್ ವಾಸನೆಗೆ," ಎಂದುಬಿಟ್ಟೆ ನಾನು.